ಹೇಳುವವರ ಹೊಣೆ, ಹೂಂಗುಟ್ಟುವವರ ಪಾಲು: ಜನಪದ ಕಥನ ಮನೋಧರ್ಮ ಮತ್ತು ಆಧುನಿಕ ಬರವಣಿಗೆ

ಆಧುನಿಕ ಕನ್ನಡ ಕಾದಂಬರಿ ಹಾಗೂ ಆತ್ಮಕಥನಗಳ ಮೇಲೆ ಜನಪದ ಸಾಹಿತ್ಯ ಬೀರಿದ ಪ್ರಭಾವವನ್ನು ಗುರುತಿಸುವ ಪ್ರಯತ್ನಗಳು ಸಾಕಷ್ಟು ನಡೆದಿವೆ. ಅವುಗಳಲ್ಲಿ ಹೆಚ್ಚಿನವು ಕೃತಿಯೊಳಗಿನ ಗಾದೆ, ಒಗಟು, ಹಾಡು, ಐತಿಹ್ಯ, ಆಚರಣೆಗಳನ್ನು ಪಟ್ಟಿಮಾಡುವುದರಲ್ಲಿಯೇ ತೃಪ್ತಿಪಟ್ಟಿವೆ. ಆಡುನುಡಿ ಕಂಡೊಡನೆ 'ಜಾನಪದ ಸೊಗಡು' ಎಂದು ಮೆಚ್ಚುವುದೂ ವಾಡಿಕೆಯಾಗಿದೆ. ಆದರೆ ಸಾಮಗ್ರಿಯನ್ನು ಎರವಲು ಪಡೆಯುವುದು ಬೇರೆ, ಮನೋಧರ್ಮವನ್ನು ಮೈಗೂಡಿಸಿಕೊಳ್ಳುವುದು ಬೇರೆ. ಕಥೆ ಹೇಳುವವರಿಗೂ ಕಥೆಗೂ ಇರುವ ಸಂಬಂಧವೇನು, ಕೇಳುವವರಿಗೆ ಅದರಲ್ಲಿರುವ ಪಾಲೇನು ಎಂಬ ಪ್ರಶ್ನೆಗಳಿಗೆ ಜನಪದರು ಕಂಡುಕೊಂಡ ಉತ್ತರವೇ ಬರಹಗಾರರಿಗೆ ದಕ್ಕಬೇಕಾದ ನಿಜವಾದ ಸಂಪತ್ತು.

ಈ ಉತ್ತರ ಒಂದು ಕನ್ನಡ ಜನಪದ ಕಥೆಯಲ್ಲಿಯೇ ಅಡಗಿದೆ. ಎ.ಕೆ. ರಾಮಾನುಜನ್ ಅವರು 1991ರಲ್ಲಿ ಪ್ರಕಟವಾದ ತಮ್ಮ ಭಾರತೀಯ ಜನಪದ ಕಥೆಗಳ ಇಂಗ್ಲಿಷ್ ಸಂಕಲನದಲ್ಲಿ ಇದನ್ನು ಸೇರಿಸಿದ್ದಾರೆ. ಒಬ್ಬ ಗೃಹಿಣಿಗೆ ಒಂದು ಕಥೆ, ಒಂದು ಹಾಡು ಗೊತ್ತಿದ್ದವು. ಆಕೆ ಅವನ್ನು ಯಾರಿಗೂ ಹೇಳಿರಲಿಲ್ಲ. ಒಳಗೇ ಉಸಿರುಗಟ್ಟಿದ ಅವು, ಆಕೆ ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದವು. ಕಥೆ ಜೋಡಾಗಿ ಬಾಗಿಲ ಬಳಿ ಕುಳಿತಿತು. ಹಾಡು ಗಂಡಸಿನ ಅಂಗಿಯಾಗಿ ಗೂಟಕ್ಕೆ ತೂಗಿತು. ಮನೆಗೆ ಬಂದ ಗಂಡ ಇವು ಯಾರವೆಂದು ಕೇಳಿದ, ಆಕೆ ತಿಳಿಯದೆಂದಳು. ಸಂಶಯ ಜಗಳವಾಯಿತು. ಆತ ಕಂಬಳಿ ಹೊತ್ತು ಹನುಮಂತನ ಗುಡಿಗೆ ಹೋಗಿ ಮಲಗಿದ. ಊರಿನ ಮನೆಗಳಲ್ಲಿ ಆರಿಸಿದ ದೀಪಗಳ ಜ್ವಾಲೆಗಳೆಲ್ಲ ರಾತ್ರಿ ಅಲ್ಲಿಯೇ ಸೇರಿ ಮಾತಾಡುತ್ತಿದ್ದವು. ತಡವಾಗಿ ಬಂದ ತನ್ನ ಮನೆಯ ದೀಪದ ಬಾಯಿಂದ ಆತನಿಗೆ ನಿಜ ತಿಳಿಯಿತು. ಬೆಳಗ್ಗೆ ಬಂದು ಹೆಂಡತಿಯನ್ನು ವಿಚಾರಿಸಿದರೆ ಆಕೆಗೆ ಕಥೆಯೂ ನೆನಪಿಲ್ಲ, ಹಾಡೂ ನೆನಪಿಲ್ಲ.

ಈ ಕಥೆಯ ಮೊದಲ ತಿಳುವಳಿಕೆಯೆಂದರೆ, ಕಥೆ ಬಲ್ಲವರ ಸ್ವತ್ತಲ್ಲ. ಅದು ಅವರಲ್ಲಿ ತಂಗಿರುವ ಅತಿಥಿ. ಹೇಳುವುದು ಪ್ರತಿಭೆಯ ಪ್ರದರ್ಶನವಲ್ಲ, ಋಣಸಂದಾಯ. ಗಿರೀಶ ಕಾರ್ನಾಡರು 'ನಾಗಮಂಡಲ'ದ (1988) ಚೌಕಟ್ಟಿಗೆ ಇದನ್ನೇ ಬಳಸಿಕೊಂಡರು. ತನ್ನ ನಾಟಕಗಳಿಂದ ಪ್ರೇಕ್ಷಕರಿಗೆ ನಿದ್ದೆ ಬರಿಸಿದ ತಪ್ಪಿಗೆ ಸಾವಿನ ಶಾಪ ಹೊತ್ತ ನಾಟಕಕಾರ, ಅಲ್ಲಿ ಒಂದು ರಾತ್ರಿಯಿಡೀ ಎಚ್ಚರವಾಗಿದ್ದು ಕಥೆ ಕೇಳಬೇಕಾಗುತ್ತದೆ. ಕೇಳಿದ್ದನ್ನು ಮತ್ತೊಬ್ಬರಿಗೆ ದಾಟಿಸಬೇಕಾಗುತ್ತದೆ. ಬರಹಗಾರನ ಬಿಡುಗಡೆ ಹೇಳುವುದರಿಂದಲ್ಲ, ಮೊದಲು ಕೇಳುವುದರಿಂದ ಆರಂಭವಾಗುತ್ತದೆ ಎಂಬುದು ಇಲ್ಲಿ ಗಮನಾರ್ಹ.

ಎರಡನೆಯ ತಿಳುವಳಿಕೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಕಥೆಯನ್ನು ಬಚ್ಚಿಟ್ಟ ತಪ್ಪನ್ನು ಹೆಣ್ಣಿನ ಮೇಲೆ ಹೊರಿಸುವುದು ಸುಲಭ. ಆದರೆ ಆ ಮನೆಯಲ್ಲಿ ಆಕೆಯನ್ನು ಕಥೆ ಹೇಳೆಂದು ಕೇಳಿದವರು ಯಾರು? ಗಂಡ ಮೊದಲು ಕೇಳಿದ್ದು ಜೋಡು ಯಾರದೆಂದು. ಕಥೆ ಯಾವುದೆಂದು ಕೇಳುವ ಹೊತ್ತಿಗೆ ಅದು ಮರೆತುಹೋಗಿತ್ತು. ಕೇಳುವವರಿಲ್ಲದ ಮನೆಯಲ್ಲಿ ಕಥೆ ಸಂಶಯದ ವಸ್ತುವಾಗಿ ಮಾರ್ಪಡುತ್ತದೆ. ಹೇಳುವವರಿಗೆ ಇರುವಷ್ಟೇ ಹೊಣೆ ಕೇಳುವವರಿಗೂ ಇದೆ ಎಂಬುದನ್ನು ಜನಪದ ಕಥನ ಪರಂಪರೆ ಆಚರಣೆಯಲ್ಲಿಯೇ ಉಳಿಸಿಕೊಂಡಿದೆ. ಅಜ್ಜಿ ಕಥೆ ಹೇಳುವಾಗ ಮಕ್ಕಳು ಹೂಂಗುಟ್ಟಬೇಕು; ಹೂಂ ನಿಂತರೆ ಕಥೆಯೂ ನಿಲ್ಲುತ್ತದೆ. ಮಂಟೇಸ್ವಾಮಿ ಕಾವ್ಯವನ್ನು ಹಾಡುವ ನೀಲಗಾರರ ಮೇಳದಲ್ಲಿ ಮುಖ್ಯ ಗಾಯಕನ ನುಡಿಗೆ ಹಿಮ್ಮೇಳದವರು ಸೊಲ್ಲು ಕೂಡಿಸುತ್ತಾರೆ. ಇದು ಅಲಂಕಾರವಲ್ಲ, ಕಥನದ ರಚನೆಯ ಭಾಗ. ಎಲ್ಲಿ ಹಿಗ್ಗಿಸಬೇಕು, ಎಲ್ಲಿ ಮೊಟಕುಗೊಳಿಸಬೇಕು ಎಂಬುದನ್ನು ಕಥೆಗಾರ ಕೇಳುಗರ ದನಿಯಿಂದಲೇ ಅರಿಯುತ್ತಾನೆ.

ದುರದೃಷ್ಟವಶಾತ್ ಅಚ್ಚಾದ ಅನೇಕ ಕಥಾಸಂಗ್ರಹಗಳಲ್ಲಿ ಈ ದನಿ ಅಳಿಸಿಹೋಗಿದೆ. ಪುನರುಕ್ತಿಯನ್ನು ತಿದ್ದಿ, ಹೂಂಗುಟ್ಟನ್ನು ಕೈಬಿಟ್ಟು, ನಡುವಣ ಪ್ರಶ್ನೆಗಳನ್ನು ತೆಗೆದುಹಾಕಿ ಸಿದ್ಧಪಡಿಸಿದ ಪಠ್ಯ ಒಬ್ಬರೇ ಆಡಿದ ಮಾತಿನಂತೆ ಕಾಣುತ್ತದೆ. ಡ್ಯಾನಿಶ್ ವಿದ್ವಾಂಸ ಆಕ್ಸೆಲ್ ಓಲ್ರಿಕ್ 1909ರಲ್ಲಿಯೇ ಪುನರಾವರ್ತನೆಯನ್ನು ಜನಪದ ಕಥನದ ನಿಯಮಗಳಲ್ಲಿ ಒಂದೆಂದು ಗುರುತಿಸಿದ್ದರು. ಸಂಗ್ರಾಹಕರು ದೋಷವೆಂದು ತಿದ್ದಿದ್ದು ವಾಸ್ತವವಾಗಿ ಕಟ್ಟಡದ ಕಂಬವಾಗಿತ್ತು. ಅಂಥ ಪಠ್ಯದಿಂದ ಕಥನಕಲೆ ಕಲಿಯುವ ಬರಹಗಾರರಿಗೆ ಕಥೆಯ ಹಂದರ ಸಿಕ್ಕೀತು, ಕೇಳುಗರು ಸಿಗಲಾರರು.

ಬರವಣಿಗೆಯಲ್ಲಿ ಕೇಳುಗರೇ ಇಲ್ಲವಲ್ಲ ಎಂಬ ಆಕ್ಷೇಪ ಸಹಜ. 'ಒಂದಾನೊಂದು ಊರಿನಲ್ಲಿ' ಎಂದು ಆರಂಭಿಸಿದ ಮಾತ್ರಕ್ಕೆ ಅವರು ಹಾಜರಾಗುವುದಿಲ್ಲ. ಆದರೆ ಅವರಿಗೆ ಕೃತಿಯ ಒಳಗೆ ಜಾಗ ಮಾಡಿಕೊಟ್ಟ ನಿದರ್ಶನಗಳು ಕನ್ನಡದಲ್ಲಿವೆ. ಚಂದ್ರಶೇಖರ ಕಂಬಾರರ 'ಸಿಂಗಾರೆವ್ವ ಮತ್ತು ಅರಮನೆ'ಯಲ್ಲಿ ಶೀನಿಂಗವ್ವ ಹೇಳುತ್ತಾಳೆ, ಲೇಖಕ ಕೇಳುಗನಾಗುತ್ತಾನೆ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ದೇವನೂರ ಮಹಾದೇವರ 'ಕುಸುಮಬಾಲೆ'ಯಲ್ಲಿ ಮನೆಮನೆಯ ಜೋತಮ್ಮಗಳು ರಾತ್ರಿ ಸೇರಿ ಊರಿನ ಸುದ್ದಿ ಹಂಚಿಕೊಳ್ಳುತ್ತವೆ. ಮನುಷ್ಯರು ಮುಚ್ಚಿಟ್ಟದ್ದನ್ನು ದೀಪಗಳು ಮಾತಾಡುವ ಈ ಬಗೆ ಮೇಲಿನ ಜನಪದ ಕಥೆಯ ಲೋಕಕ್ಕೆ ಸೇರಿದ್ದು. ಆದರೆ ಇಲ್ಲಿ ಮುಖ್ಯವಾದುದು ಆಶಯದ ಸಾಮ್ಯವಲ್ಲ. ಜಾತಿಯ ಕಾರಣಕ್ಕೆ ಹೂತುಹೋದ ಸತ್ಯಕ್ಕೆ ಸಾಕ್ಷಿಗಳನ್ನೂ ಕೇಳುಗರನ್ನೂ ಕಾದಂಬರಿ ತಾನೇ ಒದಗಿಸುತ್ತದೆ ಎಂಬುದು.

ಆತ್ಮಕಥನದಲ್ಲಿ ಈ ಸವಾಲು ಇನ್ನೂ ಕಠಿಣ. ಅಲ್ಲಿ ಹೇಳುವವರೂ ಅನುಭವಿಸಿದವರೂ ಒಬ್ಬರೇ ಆದ್ದರಿಂದ ವಿವರಣೆಯ ಒತ್ತಡ ಹೆಚ್ಚು. ಸಿದ್ಧಲಿಂಗಯ್ಯನವರ 'ಊರುಕೇರಿ'ಯ ಆರಂಭದ ನೋಟವೊಂದನ್ನು ಇಲ್ಲಿ ಪರಿಶೀಲಿಸಬಹುದು. ಹೊಲದಲ್ಲಿ ಇಬ್ಬರು ಮನುಷ್ಯರ ಹೆಗಲ ಮೇಲೆ ನೊಗವಿಟ್ಟು ಉಳಲಾಗುತ್ತಿದೆ. ಆ ಇಬ್ಬರಲ್ಲಿ ಒಬ್ಬರು ನೋಡುತ್ತಿರುವ ಬಾಲಕನ ತಂದೆ. ಈ ನೋಟಕ್ಕೆ ಲೇಖಕರು ಭಾಷಣ ಜೋಡಿಸುವುದಿಲ್ಲ. ಬಾಲಕ ಕಂಡದ್ದನ್ನು ಬಾಲಕನ ಕಣ್ಣಳತೆಯಲ್ಲಿಯೇ ಇಟ್ಟು ಸರಿಯುತ್ತಾರೆ. ಆಕ್ರೋಶಪಡುವ ಕೆಲಸ ಓದುಗರ ಪಾಲಿಗೆ ಉಳಿಯುತ್ತದೆ. ಅದೇ ಅವರ ಹೂಂ. ಜರ್ಮನ್ ಚಿಂತಕ ವಾಲ್ಟರ್ ಬೆಂಜಮಿನ್ 1936ರ ತಮ್ಮ ಪ್ರಬಂಧದಲ್ಲಿ, ಕಥೆಯನ್ನು ವಿವರಣೆಯಿಂದ ಮುಕ್ತವಾಗಿಡುವುದು ಕಥೆಗಾರಿಕೆಯ ದೊಡ್ಡ ಪಾಲೆಂದು ವಾದಿಸಿದ್ದರು. ಕೃತಿಯುದ್ದಕ್ಕೂ ಹರಿಯುವ ಹಾಸ್ಯವೂ ಇದೇ ಮನೋಧರ್ಮದ ಫಲ. 'ನಾನು' ಎಂಬುದನ್ನು ಕೇರಿಯ ಹಲವು ಪಾತ್ರಗಳಲ್ಲಿ ಒಂದೆಂದು ಭಾವಿಸಿದಾಗ ಮಾತ್ರ ತನ್ನನ್ನು ಕುರಿತು ನಗುವುದು ಸಾಧ್ಯ.

ಈ ಮೌನ ನೋವನ್ನು ಹಗುರಗೊಳಿಸುತ್ತದೆ ಎಂದು ಭಾವಿಸುವುದು ತಪ್ಪಾಗುತ್ತದೆ. ತನಗಾದ ಅವಮಾನವನ್ನು ಬರಹಗಾರರೇ ಪೂರ್ತಿ ವ್ಯಾಖ್ಯಾನಿಸಿಬಿಟ್ಟರೆ ಓದುಗರು ಮರುಕಪಟ್ಟು ಪುಸ್ತಕ ಮುಚ್ಚುತ್ತಾರೆ. ವ್ಯಾಖ್ಯಾನವನ್ನು ತಡೆಹಿಡಿದಾಗ ಅವರು ನೋಟದೊಳಕ್ಕೆ ಬರಬೇಕಾಗುತ್ತದೆ. ಯಾರ ಹೊಲ, ಯಾರ ನೊಗ ಎಂದು ತಮ್ಮನ್ನೇ ಕೇಳಿಕೊಳ್ಳಬೇಕಾಗುತ್ತದೆ.

ಹೀಗೆ, ಕಥೆ ತನ್ನ ಸ್ವತ್ತಲ್ಲವೆಂಬ ಅರಿವು, ಕೇಳುವವರಿಗೆ ಬಿಟ್ಟ ತೆರವು, ತನ್ನನ್ನೂ ಒಂದು ಪಾತ್ರವಾಗಿ ಕಾಣುವ ಅಂತರ - ಈ ಮೂರು ಜನಪದ ಕಥನದಿಂದ ಬರವಣಿಗೆಗೆ ಸಲ್ಲುವ ಪಾಠಗಳು. ಒಂದೂ ಗಾದೆಯಿಲ್ಲದ, ನಗರದ ಶಿಷ್ಟ ಕನ್ನಡದಲ್ಲಿ ಬರೆದ ಕೃತಿಯಲ್ಲಿಯೂ ಇವು ಇರಬಹುದು; ಪುಟಪುಟದಲ್ಲಿ ಗಾದೆ ತುಂಬಿದ ಕೃತಿಯಲ್ಲಿ ಇಲ್ಲದೆಯೂ ಹೋಗಬಹುದು. ಆದ್ದರಿಂದ ಕೃತಿಯ ಜಾನಪದೀಯತೆಯನ್ನು ಅಳೆಯಲು ಹೊರಡುವ ವಿಮರ್ಶೆ ಗೂಟದ ಮೇಲಿನ ಅಂಗಿಯನ್ನು, ಬಾಗಿಲ ಬಳಿಯ ಜೋಡನ್ನು ಎಣಿಸಿ ನಿಲ್ಲಬಾರದು. ಅವುಗಳ ಹಿಂದಿರುವ ಕಥೆ ಯಾವುದು, ಅದನ್ನು ಕೇಳಲು ಕೃತಿ ಯಾರನ್ನು ಕೂರಿಸಿಕೊಂಡಿದೆ ಎಂದು ವಿಚಾರಿಸಬೇಕು.