ಕೂಡಲಿ ಯಾವ ಫೋಲ್ಡರಿಗೆ?

ಊರ ಸುತ್ತಮುತ್ತಲ ಚಿತ್ರ ತೆಗೆದು ಕೂಡಿಡುವ ಹವ್ಯಾಸದವರಿಗೆ ಇಂದಲ್ಲ ನಾಳೆ ಎದುರಾಗುವ ಪ್ರಶ್ನೆ ಇದು: ಕೂಡಲಿಯ ಚಿತ್ರಗಳನ್ನು ತುಂಗಾ ಫೋಲ್ಡರ್‌ನಲ್ಲಿ ಇಡುವುದೋ, ಭದ್ರಾ ಫೋಲ್ಡರ್‌ನಲ್ಲೋ? ಶಿವಮೊಗ್ಗದ ಹೊಳೆ ಒಂದು, ಭದ್ರಾವತಿಯ ಹೊಳೆ ಇನ್ನೊಂದು, ಅವು ಸಂಗಮಿಸುವ ಕೂಡಲಿ ಎರಡಕ್ಕೂ ಸೇರಿದ್ದು. ಎರಡೂ ಕಡೆ ನಕಲು ಇಟ್ಟರೆ ಜಾಗ ದಂಡ. ಒಂದನ್ನು ತಿದ್ದಿದಾಗ ಇನ್ನೊಂದು ಹಳತಾಗಿಯೇ ಉಳಿಯುವ ಕಾಟ ಬೇರೆ. ಲಿನಕ್ಸ್ ಬಳಸುವವರು ಭದ್ರಾದಲ್ಲಿ ಚಿತ್ರಗಳನ್ನಿಟ್ಟು, ತುಂಗಾದಲ್ಲಿ ಅತ್ತ ಬೆರಳು ತೋರಿಸುವ ಒಂದು ಸಿಂಬಾಲಿಕ್ ಲಿಂಕ್ ಹಾಕಿ ಮುಂದೆ ಹೋಗುತ್ತಾರೆ. ಟರ್ಮಿನಲ್‌ನಲ್ಲಿ ಎಲ್‌ಎನ್ ಆಜ್ಞೆ ಕೊಟ್ಟರೆ ಕೆಲಸವಾಗುತ್ತದೆ, ನಿಜ. ಆದರೆ ಆಜ್ಞೆಯ ಬೆನ್ನಿಗಿರುವ ಸಿಸ್ಟಮ್ ಕಾಲ್ ನೋಡದವರಿಗೆ ಇದರ ರುಚಿ ಅರ್ಧವೇ ಸಿಕ್ಕೀತು.

ಆ ಕರೆಯ ಹೆಸರು ಸಿಮ್‌ಲಿಂಕ್. ಬರ್ಕ್ಲಿಯ ಬಿಎಸ್‌ಡಿ 4.2 ಯುನಿಕ್ಸ್‌ನೊಂದಿಗೆ 1983ರಲ್ಲಿ ಬಂದದ್ದು. ಕೊಡಬೇಕಾದ್ದು ಎರಡೇ: ಎತ್ತ ತೋರಿಸಬೇಕೆಂಬ ದಾರಿ, ಹೊಸ ಲಿಂಕಿನ ಹೆಸರು. ಕೆಲಸವಾದರೆ ಸೊನ್ನೆ ಹಿಂದಿರುಗುತ್ತದೆ, ಕೆಟ್ಟರೆ ಮೈನಸ್ ಒಂದು. ಲಿನಕ್ಸ್‌ನ ತಿರುಳಾದ ಕರ್ನಲ್ ಆ ದಾರಿಯನ್ನು ಹುಡುಕಿಕೊಂಡು ಹೋಗುವುದಿಲ್ಲ, ಅಲ್ಲೇನಿದೆ ಎಂದು ಇಣುಕುವುದೂ ಇಲ್ಲ. ಕೊಟ್ಟ ಬೈಟ್‌ಗಳನ್ನು ಹಾಗೆಯೇ ಬರೆದುಕೊಂಡು ಸುಮ್ಮನಾಗುತ್ತದೆ. ‘../ಭದ್ರಾ/ಕೂಡಲಿ’ ಎಂದು ಕೊಟ್ಟು, ಆಮೇಲೆ ಫೈಲ್‌ಗಳ ಉದ್ದ ಪಟ್ಟಿ ತೆಗೆದು ನೋಡಿ. ಲಿಂಕಿನ ಗಾತ್ರ 34 ಎಂದಿರುತ್ತದೆ. ಕೂಡಲಿಯಲ್ಲಿ ಸಾವಿರ ಚಿತ್ರವಿದ್ದರೂ 34, ಒಂದೂ ಇಲ್ಲದಿದ್ದರೂ 34. ಅದು ಆ ದಾರಿಯ ಬೈಟ್‌ಗಳ ಲೆಕ್ಕ, ಅಷ್ಟೇ.

ಈ ಉದಾಸೀನವನ್ನು ಕೆಲವರು ದೋಷ ಎನ್ನುತ್ತಾರೆ. ನನಗೆ ಇದೇ ಅದರ ಸೊಗಸು. ಗುರಿ ಇನ್ನೂ ಹುಟ್ಟದಿದ್ದರೂ ಲಿಂಕ್ ಮಾಡಿಡಬಹುದು. ಸದ್ಯ ಸಿಕ್ಕಿಸದ ಹಾರ್ಡ್‌ಡಿಸ್ಕಿನ ಕಡೆಗೂ ತೋರಿಸಬಹುದು, ಸಿಕ್ಕಿಸಿದ ಕ್ಷಣ ದಾರಿ ತೆರೆದುಕೊಳ್ಳುತ್ತದೆ. ಹಾರ್ಡ್ ಲಿಂಕ್‌ಗೆ ಈ ಬಿಡುಬೀಸು ಇಲ್ಲ: ಅದು ಫೈಲಿನ ಮೂಲ ದಾಖಲೆಯಾದ ಐನೋಡನ್ನೇ ಹಿಡಿಯುವುದರಿಂದ ಒಂದೇ ಫೈಲ್‌ಸಿಸ್ಟಮ್‌ನೊಳಗೆ ನಡೆಯಬೇಕು, ಫೋಲ್ಡರ್‌ಗಳಿಗಂತೂ ಲಿನಕ್ಸ್ ಅದನ್ನು ಬಿಡುವುದೇ ಇಲ್ಲ.

ಹೆಸರು ಬದಲಾದಾಗಲೂ ಲಿಂಕ್ ನೆರವಿಗೆ ಬರುತ್ತದೆ. 2014ರ ನವೆಂಬರ್ 1ರಿಂದ ಇಂಗ್ಲಿಷಿನ ಶಿಮೊಗಾ ಅಧಿಕೃತವಾಗಿ ಶಿವಮೊಗ್ಗವಾಯಿತಷ್ಟೆ. ಫೋಲ್ಡರಿನ ಹೆಸರನ್ನೂ ಹಾಗೆಯೇ ಬದಲಿಸಿದರೆ ಹಳೆಯ ಹೆಸರನ್ನು ನಂಬಿದ ಬ್ಯಾಕಪ್ ಸ್ಕ್ರಿಪ್ಟ್‌ಗಳು ಮುಗ್ಗರಿಸುತ್ತವೆ. ಹಳೆಯ ಹೆಸರಿನಲ್ಲಿ ಒಂದು ಲಿಂಕ್ ಬಿಟ್ಟರೆ ಎಲ್ಲವೂ ಮೊದಲಿನಂತೆ ನಡೆಯುತ್ತದೆ. 1923ರಲ್ಲಿ ಉತ್ಪಾದನೆ ಶುರುಮಾಡಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೂ ಹೀಗೆ ಹಲವು ಹೆಸರುಗಳು ಬಂದುಹೋಗಿವೆ. ಊರವರ ಬಾಯಲ್ಲಿರುವ ವಿಐಎಸ್‌ಎಲ್ ಒಂದನ್ನೇ ನಿಜವಾದ ಫೋಲ್ಡರ್ ಮಾಡಿ, ಉಳಿದವನ್ನು ಲಿಂಕ್‌ಗಳಾಗಿಸುವುದು ಲೇಸು. ಇಲ್ಲೊಂದು ಸೂಕ್ಷ್ಮವಿದೆ. ಲಿಂಕಿಗೆ ಕೊಟ್ಟ ಹೆಸರಿನ ಫೋಲ್ಡರ್ ಮೊದಲೇ ಇದ್ದರೆ ಎಲ್‌ಎನ್ ಆಜ್ಞೆ ತಾನೇ ಊಹಿಸಿಕೊಂಡು ಲಿಂಕನ್ನು ಅದರ ಒಳಗೆ ಹಾಕಿಬಿಡುತ್ತದೆ. ಸಿಸ್ಟಮ್ ಕಾಲ್ ಹಾಗಲ್ಲ, ‘ಆಗಲೇ ಇದೆ’ ಎಂಬ ದೋಷಸಂಖ್ಯೆ ಕೊಟ್ಟು ನಿಲ್ಲುತ್ತದೆ. ಆದ್ದರಿಂದ ನೂರಾರು ಲಿಂಕ್ ಹಾಕುವವರು ಪೈಥಾನ್‌ನ ಓಎಸ್ ಮಾಡ್ಯೂಲಿನಲ್ಲಿರುವ ಸಿಮ್‌ಲಿಂಕ್ ಹೆಸರಿನ ಫಂಕ್ಷನ್ ಬಳಸಲಿ ಎನ್ನುತ್ತೇನೆ. ಅದು ಕರೆಯನ್ನು ನೇರವಾಗಿ ಕರ್ನಲ್‌ಗೇ ಒಯ್ಯುತ್ತದೆ.

ದಾರಿ ಬರೆಯುವಾಗ ನೆನಪಿಡಬೇಕಾದ್ದು: ಓರೆಗೆರೆಯಿಂದ ಶುರುವಾಗದ ದಾರಿಯನ್ನು ಕರ್ನಲ್ ಓದುವುದು ಲಿಂಕ್ ಇರುವ ಜಾಗದಿಂದ, ನೀವು ಕೂತ ಜಾಗದಿಂದಲ್ಲ. ‘ಇಲ್ಲಿಂದ ಮೂರನೇ ಮನೆ’ ಎಂದು ಬಾಗಿಲಿಗೆ ಅಂಟಿಸಿದ ಚೀಟಿಯ ಹಾಗೆ. ಹೊರಗಿನ ಫೋಲ್ಡರ್‌ನಲ್ಲಿ ನಿಂತು ಬರಿಯ ‘ಭದ್ರಾ/ಕೂಡಲಿ’ ಎಂದರೆ ಕರೆ ಸೊನ್ನೆ ಕೊಟ್ಟು ಗೆದ್ದಂತೆ ತೋರಿಸುತ್ತದೆ, ಲಿಂಕ್ ಮಾತ್ರ ತುಂಗಾದ ಒಳಗೇ ಭದ್ರೆಯನ್ನು ಹುಡುಕುತ್ತಿರುತ್ತದೆ.

ಇನ್ನು ಕನ್ನಡದಲ್ಲೇ ಹೆಸರಿಡುವ ನಮ್ಮಂಥವರ ಪಾಡು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ಒತ್ತು, ಗುಣಿತ ಚಿಹ್ನೆಗಳಿಗೂ ಪ್ರತ್ಯೇಕ ಲೆಕ್ಕ. ಶಿವಮೊಗ್ಗಕ್ಕೆ 24, ಭದ್ರಾವತಿಗೂ 24. ಲಿನಕ್ಸ್‌ನ ಎಕ್ಸ್ಟ್4 ಫೈಲ್‌ಸಿಸ್ಟಮ್ 59 ಬೈಟ್‌ವರೆಗಿನ ದಾರಿಯನ್ನು ಐನೋಡಿನ ಒಳಗೇ ಹುದುಗಿಸುತ್ತದೆ. ದಾಟಿದರೆ ಡಿಸ್ಕಿನಲ್ಲಿ ಬೇರೆಯೇ ಒಂದು ಬ್ಲಾಕ್, ಸಾಮಾನ್ಯವಾಗಿ 4096 ಬೈಟಿನದು. ‘../ಶಿವಮೊಗ್ಗ/ಭದ್ರಾವತಿ’ 52ಕ್ಕೆ ಮುಗಿದು ಒಳಗೆ ಕೂರುತ್ತದೆ. ಅಲ್ಲಿನ ಕಾಗದ ಕಾರ್ಖಾನೆ ಎಂಪಿಎಂನ ಚಿತ್ರಗಳಿಗೆಂದು ‘/ಕಾಗದ’ ಸೇರಿಸಿದಿರೋ, 65 ಆಗಿ ಹೊರಬೀಳುತ್ತದೆ. ಇದರಿಂದ ಯಾರ ಗಂಟೂ ಹೋಗುವುದಿಲ್ಲ, ಆದರೂ ದಾರಿ ಒಳಗೇ ಕೂತಾಗ ಒಂದು ಖುಷಿ.

ಗಂಟು ಹೋಗುವುದು ಶಿವಮೊಗ್ಗದ ‘ಮೊ’ದಲ್ಲಿ. ಯುನಿಕೋಡ್‌ನಲ್ಲಿ ಆ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣದು. ನಾವು ಸಾಮಾನ್ಯವಾಗಿ ಕೀಲಿಸುವುದು ಮೊದಲ ಬಗೆ. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಬಿಡಿಸಿ ಇಡುವುದರಿಂದ, ಅಲ್ಲಿಂದ ಬಂದ ಫೋಲ್ಡರಿನ ಶಿವಮೊಗ್ಗ 27 ಬೈಟಿನದ್ದಾಗಿರಬಹುದು. ಎಕ್ಸ್ಟ್4ಗೆ ಅವು ಎರಡು ಬೇರೆ ಹೆಸರುಗಳು. 24ರ ದಾರಿ ಹಿಡಿದ ಲಿಂಕ್ ಎದುರಿಗೇ ಇರುವ 27ರ ಫೋಲ್ಡರನ್ನು ‘ಇಲ್ಲ’ ಎನ್ನುತ್ತದೆ. ಭದ್ರಾವತಿಗೆ ಈ ತಾಪತ್ರಯವಿಲ್ಲ. ಅದರಲ್ಲಿ ಹಾಗೆ ಬಿಡಿಸಬಹುದಾದ ಚಿಹ್ನೆಯೇ ಇಲ್ಲ. ಹೆಸರುಗಳನ್ನು ಬಿಡಿಸದೆ ಕೂಡಿಸಿಯೇ ಬರೆಯುವ ಎನ್‌ಎಫ್‌ಸಿ ರೂಪಕ್ಕೆ ತಂದ ಮೇಲೆಯೇ ಲಿಂಕ್ ಹಾಕುವುದು ಕ್ಷೇಮ.

ಒಂದನ್ನೊಂದು ತೋರಿಸುವ ಎರಡು ಲಿಂಕ್ ಮಾಡಿದರೂ ಕರ್ನಲ್ ತಡೆಯುವುದಿಲ್ಲ. ತೆರೆಯಹೋದಾಗ ಮಾತ್ರ, 40 ಲಿಂಕ್‌ಗಳ ಮಿತಿ ದಾಟುತ್ತಲೇ, ಕೈಚೆಲ್ಲುತ್ತದೆ.

ಪ್ರಿಂಟ್ ಹಾಕಿಸಲು ಸ್ಟುಡಿಯೋಗೆ ಒಯ್ಯುವ ಪೆನ್‌ಡ್ರೈವ್ ಸಾಮಾನ್ಯವಾಗಿ ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ಆಗಿರುತ್ತದೆ. ಅವುಗಳಲ್ಲಿ ಸಿಂಬಾಲಿಕ್ ಲಿಂಕ್‌ಗೆ ಜಾಗವೇ ಇಲ್ಲ. ಕರ್ನಲ್ ಕೊಡುವ ದೋಷ ‘ಅನುಮತಿ ಇಲ್ಲ’ ಎಂಬ ಧಾಟಿಯಲ್ಲಿರುವುದರಿಂದ ಜನ ಸುಡೋ ಹಾಕಿ ಹಣೆ ಚಚ್ಚಿಕೊಳ್ಳುತ್ತಾರೆ. ಸೂಪರ್‌ಯೂಸರ್ ಆದರೂ ಅದೇ ಉತ್ತರ. ಸಿಪಿ ಆಜ್ಞೆಗೆ ಸಣ್ಣ ಆರ್ ಜೊತೆ ದೊಡ್ಡ ಎಲ್ ಸೇರಿಸಿ ನಕಲು ಮಾಡಿ. ಲಿಂಕ್ ಬದಲು ನಿಜವಾದ ಚಿತ್ರಗಳೇ ಹೋಗುತ್ತವೆ. ಪೆನ್‌ಡ್ರೈವ್‌ನಲ್ಲಿ ಎಷ್ಟು ಜಾಗವಿದೆ ಎಂದು ಮೊದಲೇ ನೋಡಿಕೊಳ್ಳಿ.