ತೊನ್ನಿಗೆ ಬೆಳಕಿನ ಚಿಕಿತ್ಸೆ

ಚರ್ಮಕ್ಕೆ ಬಣ್ಣ ಕೊಡುವ ಕೋಶಗಳು ನಾಶವಾದಾಗ ಮೂಡುವ ಬಿಳಿಮಚ್ಚೆಯೇ ತೊನ್ನು. ಅದು ಕುಷ್ಠವಲ್ಲ, ಅಂಟುವುದೂ ಇಲ್ಲ. ಬಾವಂಚಿ ಬೀಜ ಅರೆದು ಹಚ್ಚಿ ಮೈಯನ್ನು ಬಿಸಿಲಿಗೆ ಒಡ್ಡುವ ಪದ್ಧತಿ ಭಾರತದಲ್ಲಿ ಬಹಳ ಹಳೆಯದು. ಆ ಬೀಜದ ಸೋರಾಲೆನ್ ಚರ್ಮವನ್ನು ಬೆಳಕಿಗೆ ಸೂಕ್ಷ್ಮವಾಗಿಸುತ್ತದೆ. 1940ರ ದಶಕದಲ್ಲಿ ಈಜಿಪ್ಟಿನ ವೈದ್ಯ ಎಲ್ ಮೊಫ್ತಿ ಇದೇ ಬಗೆಯ ಸಸ್ಯಜನ್ಯ ಔಷಧವನ್ನು ತೊನ್ನಿಗೆ ಬಳಸಿದರು. 1974ರಲ್ಲಿ ಅಮೆರಿಕದ ವೈದ್ಯರು ಸೋರಾಲೆನ್ ಮಾತ್ರೆಯ ಜೊತೆಗೆ ನೇರಳಾತೀತ ದೀಪವನ್ನು ಸೋರಿಯಾಸಿಸ್‌ಗೆ ತಂದರು. ಅದೇ ‘ಪುವಾ’.

ತೊನ್ನಿಗೂ ಪುವಾ ಫಲ ಕೊಡುತ್ತದೆ, ಆದರೆ ದುಬಾರಿ ಬೆಲೆಗೆ. ಮಾತ್ರೆಯಿಂದ ವಾಕರಿಕೆ, ನುಂಗಿದ ದಿನವೆಲ್ಲ ಕಪ್ಪು ಕನ್ನಡಕ, ಬಿಸಿಲು ತುಸು ಹೆಚ್ಚಾದರೆ ಬೊಬ್ಬೆ. ವರ್ಷಗಟ್ಟಲೆ ಪಡೆದ ಬಿಳಿಯ ರೋಗಿಗಳಲ್ಲಿ ಚರ್ಮದ ಕ್ಯಾನ್ಸರ್ ಹೆಚ್ಚಿದ್ದೂ ಸಾಬೀತಾಗಿದೆ. ಹೀಗಾಗಿ 311ರಿಂದ 313 ನ್ಯಾನೋಮೀಟರ್ ತರಂಗಾಂತರದ ನೇರಳಾತೀತ ಬೆಳಕು, ‘ನ್ಯಾರೋಬ್ಯಾಂಡ್ ಯುವಿಬಿ’, ಮುಂದೆ ಬಂದದ್ದು ಸರಿಯಾದ ಬದಲಾವಣೆ. ಮಾತ್ರೆ ಬೇಡ, ಮಕ್ಕಳಿಗೂ ಗರ್ಭಿಣಿಯರಿಗೂ ಕೊಡಬಹುದು.

ರೋಗಿ ಕಣ್ಣಿಗೆ ರಕ್ಷಣಾ ಕನ್ನಡಕ ಹಾಕಿ, ಸುತ್ತ ಟ್ಯೂಬ್‌ಲೈಟುಗಳಿರುವ ಪೆಟ್ಟಿಗೆಯೊಳಗೆ ನಿಲ್ಲುತ್ತಾನೆ. ಆರಂಭದ ಅಲ್ಪ ಪ್ರಮಾಣವನ್ನು ಪ್ರತಿ ಸಲವೂ ಸ್ವಲ್ಪ ಸ್ವಲ್ಪವೇ ಏರಿಸಿ, ಚರ್ಮ ತಿಳಿ ಗುಲಾಬಿಯಾಗುವ ಹಂತಕ್ಕೆ ತಂದು ನಿಲ್ಲಿಸುತ್ತಾರೆ. ವಾರಗಳ ನಂತರ ಬಿಳಿಮಚ್ಚೆಯ ನಡುವೆ, ಒಂದೊಂದು ಕೂದಲ ಬುಡದ ಸುತ್ತ, ರಾಗಿ ಕಾಳಿನಷ್ಟು ಕಂದು ಚುಕ್ಕೆ ಕಾಣಿಸುತ್ತದೆ. ಚುಕ್ಕೆಗಳು ಹರಡಿ ಒಂದಾಗುತ್ತವೆ. ಬಣ್ಣದ ಕೋಶಗಳ ದಾಸ್ತಾನು ಉಳಿದಿರುವುದು ಕೂದಲ ಬುಡದಲ್ಲೇ. ಬೆಳಕು ಅವನ್ನು ಎಬ್ಬಿಸಿ ಮೇಲಕ್ಕೆ ತರುತ್ತದೆ.

ಚಿಕಿತ್ಸೆಯ ಮಿತಿಯೂ ಅಲ್ಲೇ ಇದೆ. ಮುಖ, ಕುತ್ತಿಗೆ ಚೆನ್ನಾಗಿ ಸ್ಪಂದಿಸುತ್ತವೆ. ಕೂದಲಿಲ್ಲದ ಬೆರಳ ತುದಿ, ತುಟಿಗಳಲ್ಲಿ ಫಲ ತೀರಾ ಕಡಿಮೆ. ಮಚ್ಚೆಯೊಳಗಿನ ಕೂದಲೂ ಬೆಳ್ಳಗಾಗಿದ್ದರೆ ಭರವಸೆ ಇನ್ನೂ ಕುಗ್ಗುತ್ತದೆ. ಮೊದಲ ದಿನವೇ ಹೇಳಬೇಕಾದ ಈ ಮಾತನ್ನು ಮುಚ್ಚಿಟ್ಟು ‘ಪೂರ್ತಿ ಗುಣ’ ಎಂದು ಜಾಹೀರಾತು ಕೊಡುವುದು ರೋಗಿಗೆ ಮಾಡುವ ದ್ರೋಹ.

ಇನ್ನೊಂದು ತೊಡಕು ಕಾಲದ್ದು. ವಾರಕ್ಕೆ ಎರಡು ಮೂರು ಸಲ, ಕನಿಷ್ಠ ಆರು ತಿಂಗಳು ಹೋದ ಮೇಲಷ್ಟೇ ಫಲಾಫಲ ಅಳೆಯಬಹುದು. ಯಂತ್ರವಿರುವ ಆಸ್ಪತ್ರೆ ದೂರವಿದ್ದರೆ ಬಸ್ ಖರ್ಚಿನ ಜೊತೆ ದಿನಗೂಲಿಯೂ ಹೋಗುತ್ತದೆ. ನಡುವೆ ಬಿಟ್ಟವರ ಚರ್ಮವನ್ನು ‘ಸ್ಪಂದಿಸಲಿಲ್ಲ’ ಎನ್ನುವುದು ನ್ಯಾಯವಲ್ಲ. ಬಣ್ಣ ಬಂದ ಮೇಲೂ ಹಲವರಲ್ಲಿ ಮಚ್ಚೆ ಮರುಕಳಿಸುತ್ತದೆ. ಅದನ್ನು ತಡೆಯಲು ವಾರಕ್ಕೆ ಎರಡು ಸಲ ಟ್ಯಾಕ್ರೊಲಿಮಸ್ ಮುಲಾಮು ಹಚ್ಚಿಸುವ ರೂಢಿಯಿದೆ.