ಗೋರಕ್ಷನ ವಜ್ರಕಾಯವೂ ಯೋಗಗ್ರಂಥಗಳ ಫಲಶ್ರುತಿಯೂ

ಪ್ರೌಢದೇವರಾಯನ ಕಾಲದಲ್ಲಿ, ಎಂದರೆ ೧೫ನೆಯ ಶತಮಾನದ ಪೂರ್ವಾರ್ಧದಲ್ಲಿ, ಚಾಮರಸನು ರಚಿಸಿದ ‘ಪ್ರಭುಲಿಂಗಲೀಲೆ’ಯಲ್ಲಿ ಗೋರಕ್ಷನ ಪ್ರಸಂಗವು ಸುಪ್ರಸಿದ್ಧವಾದುದು. ಯೋಗಸಾಧನೆಯಿಂದ ವಜ್ರಕಾಯನಾದ ಗೋರಕ್ಷನ ಮೈಗೆ ಕತ್ತಿ ತಾಗಿದರೆ ಖಣಿಲೆಂಬ ಸದ್ದಾಗುವುದೇ ಹೊರತು ಕೂದಲೂ ಕೊಂಕದು. ಅದೇ ಕತ್ತಿಯು ಪ್ರಭುದೇವನ ಮೈಯಲ್ಲಿ ಬಯಲನ್ನು ಹಾದಂತೆ ಹಾದುಹೋಗುತ್ತದೆ. ‘ಶೂನ್ಯಸಂಪಾದನೆ’ಯಲ್ಲಿಯೂ ಸ್ಥಾನ ಪಡೆದಿರುವ ಈ ಕಥೆಯನ್ನು ಆಧಾರವಾಗಿಟ್ಟುಕೊಂಡು, ಶರಣರು ಆಸನ ಪ್ರಾಣಾಯಾಮಗಳನ್ನು ಸರ್ವಥಾ ತಿರಸ್ಕರಿಸಿದರೆಂದು ಪಾಠ ಹೇಳುವುದು ರೂಢಿಯಾಗಿದೆ. ಈ ಅರ್ಥವು ಎಷ್ಟರಮಟ್ಟಿಗೆ ಸಾಧುವೆಂಬುದು ಪರಿಶೀಲನಾರ್ಹವಾಗಿದೆ.

ಮೊದಲನೆಯದಾಗಿ, ಕವಿಯು ದೋಷವನ್ನು ಎಲ್ಲಿ ಇರಿಸಿದ್ದಾನೆಂಬುದನ್ನು ನೋಡಬೇಕು. ಗೋರಕ್ಷನ ದೇಹವು ದೃಢವಾಗಿದ್ದುದು ತಪ್ಪೆಂದು ಕಾವ್ಯವು ಹೇಳುವುದಿಲ್ಲ. ಆ ದೃಢತೆಯನ್ನೇ ಪರಮಸಿದ್ಧಿಯೆಂದು ಬಗೆದು ಅದನ್ನು ಪರೀಕ್ಷೆಗೆ ಒಡ್ಡಿದ ಅಹಂಕಾರವು ಅಲ್ಲಿ ಖಂಡಿತವಾಗಿದೆ. ಸೋತ ಗೋರಕ್ಷನು ರೋಗಿಯಾಗುವುದಿಲ್ಲ, ಉಪದೇಶಕ್ಕೆ ಪಾತ್ರನಾಗುತ್ತಾನೆ. ಕಾಯವನ್ನೇ ಗುಡಿಯೆಂದು ಭಾವಿಸಿದ ಬಸವಣ್ಣನ ಪರಂಪರೆಯಲ್ಲಿ ಕಾಯದ ರಕ್ಷಣೆ ಹೇಯವಾಗುವುದಕ್ಕೆ ಕಾರಣವೂ ಇಲ್ಲ.

ಎರಡನೆಯ ಸಾಕ್ಷ್ಯವು ಸಂಸ್ಕೃತದಿಂದ ದೊರೆಯುತ್ತದೆ. ಚಾಮರಸನ ಶತಮಾನದವನೇ ಎಂದು ವಿದ್ವಾಂಸರು ಎಣಿಸುವ ಸ್ವಾತ್ಮಾರಾಮನು ತನ್ನ ‘ಹಠಯೋಗಪ್ರದೀಪಿಕೆ’ಯ ಆದಿಯಲ್ಲಿ ಸಿದ್ಧರ ಪಟ್ಟಿಯೊಂದನ್ನು ಕೊಡುತ್ತಾನೆ. ಅದರಲ್ಲಿ ಮತ್ಸ್ಯೇಂದ್ರ, ಗೋರಕ್ಷರೊಡನೆ ಅಲ್ಲಮ ಪ್ರಭುದೇವನ ಹೆಸರೂ ಇದೆ. ಪಾಠಗಳಲ್ಲಿ ಅದರ ರೂಪ ತುಸು ಬೇರಾಗಿರುವುದುಂಟು. ಕನ್ನಡ ಕವಿಯು ಎದುರುಬದುರು ನಿಲ್ಲಿಸಿದ ಇಬ್ಬರನ್ನು ಹಠಯೋಗದ ಆಚಾರ್ಯನು ಒಂದೇ ಪಂಕ್ತಿಯಲ್ಲಿ ಕೂರಿಸಿದ್ದಾನೆ. ಆದುದರಿಂದ ಇಲ್ಲಿರುವುದು ಎರಡು ಶತ್ರುಮತಗಳ ಯುದ್ಧವೆನ್ನುವುದಕ್ಕಿಂತ ಒಂದೇ ಸಾಧಕಕುಲದ ಒಳಗಣ ವಿವಾದವೆನ್ನುವುದು ಯುಕ್ತವಾಗಿ ಕಾಣುತ್ತದೆ.

ಬಾಗಲಕೋಟೆಯ ನಾಡಿನ ಇತಿಹಾಸವೂ ಈ ಅರ್ಥಕ್ಕೆ ಅನುಕೂಲವಾಗಿದೆ. ಬಸವಣ್ಣನು ವಿದ್ಯಾರ್ಜನೆ ಮಾಡಿದ ಕೂಡಲಸಂಗಮವು ಹುನಗುಂದ ಸೀಮೆಯಲ್ಲಿ ಕೃಷ್ಣಾ ಮಲಪ್ರಭೆಗಳು ಕೂಡುವೆಡೆಯಲ್ಲಿದೆ. ಅದೇ ಮಲಪ್ರಭೆಯ ದಂಡೆಯ ಮೇಲೆ, ಬಾದಾಮಿಯ ಸಮೀಪದಲ್ಲಿ, ಹಾನಗಲ್ಲ ಕುಮಾರಸ್ವಾಮಿಗಳು ೧೯೦೯ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಅಲ್ಲಿ ಸಾಧಕರಿಗೆ ಸಂಸ್ಕೃತ, ಸಂಗೀತಗಳೊಡನೆ ಯೋಗದ ಶಿಕ್ಷಣವೂ ನಡೆಯಿತು. ಪ್ರಭುದೇವನನ್ನು ಪೂಜಿಸುವ ಪರಂಪರೆಯೇ ಯೋಗಾಭ್ಯಾಸಕ್ಕೆ ಮಂದಿರ ಕಟ್ಟಿತೆಂಬುದು, ರೂಢಿಯ ವ್ಯಾಖ್ಯಾನವು ಅಪೂರ್ಣವೆಂಬುದಕ್ಕೆ ನಿದರ್ಶನವಾಗಿದೆ. ಇಲಕಲ್ಲಿನ ಮಹಾಂತಸ್ವಾಮಿಗಳು ೧೯೭೫ರಲ್ಲಿ ಆರಂಭಿಸಿದ ‘ಮಹಾಂತ ಜೋಳಿಗೆ’ಯು ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿತು. ದೇಹದ ಹಿತವನ್ನು ವ್ರತದ ಅಂಗವೆಂದು ತಿಳಿಯುವ ದೃಷ್ಟಿಯು ಈ ನೆಲದಲ್ಲಿ ಬಿಟ್ಟುಹೋಗಿಲ್ಲ.

ಆದರೆ ಇದಕ್ಕೆ ವಿರುದ್ಧವಾದ ಇನ್ನೊಂದು ತಪ್ಪು ಓದು ಕೂಡ ಉಂಟು. ಅದು ಯೋಗಗ್ರಂಥಗಳ ಫಲಶ್ರುತಿಯನ್ನು ವೈದ್ಯಶಾಸ್ತ್ರದ ವಾಕ್ಯವೆಂದು ನಂಬುವುದು. ಪುರಾಣ ಕಾವ್ಯಗಳ ಕೊನೆಯಲ್ಲಿ ಕೇಳಿದವರಿಗೆ ಸಕಲ ಸಂಪತ್ತೂ ದೊರೆಯುವುದೆಂಬ ಮಾತನ್ನು ಯಾರೂ ಲೆಕ್ಕದ ಪುಸ್ತಕಕ್ಕೆ ಬರೆದುಕೊಳ್ಳುವುದಿಲ್ಲ. ಸ್ವಾತ್ಮಾರಾಮನು ಒಂದೊಂದು ಆಸನಕ್ಕೆ, ಒಂದೊಂದು ಕುಂಭಕಕ್ಕೆ ಹೇಳುವ ರೋಗನಾಶದ ಫಲಗಳಲ್ಲಿ ಹಲವು ಈ ಜಾತಿಯವು. ಮೈಸೂರಿನಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ೧೯೩೪ರಲ್ಲಿ ಕನ್ನಡದಲ್ಲಿಯೇ ಪ್ರಕಟಿಸಿದ ‘ಯೋಗ ಮಕರಂದ’ದಲ್ಲಿಯೂ ಈ ಶೈಲಿಯು ಮುಂದುವರಿದಿದೆ. ಇಂಥ ವಾಕ್ಯಗಳ ಉದ್ದೇಶವು ಅಭ್ಯಾಸಿಯಲ್ಲಿ ಶ್ರದ್ಧೆಯನ್ನು ಹುಟ್ಟಿಸುವುದಾಗಿದೆ, ಅವು ಪ್ರಮಾಣವಾಕ್ಯಗಳಲ್ಲ.

ಅದಾಗ್ಯೂ ‘ಹಠಯೋಗಪ್ರದೀಪಿಕೆ’ಯ ಎರಡನೆಯ ಉಪದೇಶದಲ್ಲಿ ಬೇರೊಂದು ಬಗೆಯ ಮಾತೂ ಇದೆ. ಯುಕ್ತವಾದ ಪ್ರಾಣಾಯಾಮದಿಂದ ರೋಗಗಳು ಕ್ಷಯಿಸುತ್ತವೆಂದೊಡನೆಯೇ, ಅಯುಕ್ತವಾದ ಅಭ್ಯಾಸದಿಂದ ಬಿಕ್ಕಳಿಕೆ, ಉಬ್ಬಸ, ಕೆಮ್ಮು, ತಲೆ ಕಿವಿ ಕಣ್ಣುಗಳ ಬೇನೆ ಮೊದಲಾದವು ಉಂಟಾಗುತ್ತವೆಂದು ಗ್ರಂಥಕಾರನು ಎಚ್ಚರಿಸುತ್ತಾನೆ. ಷಟ್ಕರ್ಮಗಳನ್ನು ಕೂಡ ಮೇದಸ್ಸು ಕಫಗಳು ಅಧಿಕವಾದವರಿಗೆ ವಿಧಿಸಿ, ಉಳಿದವರಿಗೆ ಬೇಡವೆನ್ನುತ್ತಾನೆ. ಅಧಿಕಾರಿಭೇದವನ್ನೂ ಅಪಾಯವನ್ನೂ ಗುರುತಿಸುವ ಈ ವಾಕ್ಯಗಳನ್ನು ಸ್ತುತಿಯೆನ್ನಲಾಗದು. ಇವು ಅನುಭವದಿಂದ ಬಂದ ನಿರೀಕ್ಷಣೆಗಳು. ಒಂದೇ ಗ್ರಂಥದೊಳಗಣ ಈ ಎರಡು ಸ್ವರಗಳನ್ನು ಬೇರ್ಪಡಿಸಿ ತೋರಿಸುವುದು ವಿಮರ್ಶಕನ ಕರ್ತವ್ಯವಾಗಿದೆ.

ಸ್ವಾಮಿ ಕುವಲಯಾನಂದರು ೧೯೨೪ರಲ್ಲಿ ಲೋಣಾವಳದಲ್ಲಿ ಕೈವಲ್ಯಧಾಮವನ್ನೂ ‘ಯೋಗಮೀಮಾಂಸಾ’ ಪತ್ರಿಕೆಯನ್ನೂ ಆರಂಭಿಸಿ, ಯೋಗಕ್ರಿಯೆಗಳನ್ನು ಕ್ಷಕಿರಣ ಮೊದಲಾದ ಸಾಧನಗಳಿಂದ ಪರೀಕ್ಷಿಸತೊಡಗಿದುದು ಇದೇ ವಿವೇಚನೆಯ ಮುಂದುವರಿಕೆ. ವಿಶ್ರಾಂತಿಯಲ್ಲಿರುವ ವಯಸ್ಕನು ನಿಮಿಷಕ್ಕೆ ೧೨ರಿಂದ ೨೦ ಬಾರಿ ಉಸಿರಾಡುತ್ತಾನೆ. ಅದನ್ನು ಸುಮಾರು ೬ಕ್ಕೆ ಇಳಿಸಿದಾಗ ರಕ್ತದ ಒತ್ತಡವನ್ನು ಹತೋಟಿಯಲ್ಲಿಡುವ ನರಕ್ರಿಯೆಯು ಚುರುಕಾಗುತ್ತದೆ, ಒತ್ತಡವು ಅಲ್ಪಸ್ವಲ್ಪ ಇಳಿಯುತ್ತದೆ ಎಂದು ಅನಂತರದ ಸಂಶೋಧನೆಗಳು ತೋರಿಸಿವೆ. ಈ ಉಪಕಾರವು ಔಷಧಕ್ಕೆ ಪೂರಕವೇ ಹೊರತು ಅದರ ಸ್ಥಾನವನ್ನು ತುಂಬಲಾರದು. ಹೃದ್ರೋಗವುಳ್ಳವರಿಗೆ ಭಸ್ತ್ರಿಕೆಯಂಥ ರಭಸದ ಕ್ರಿಯೆಗಳೂ ದೀರ್ಘ ಕುಂಭಕವೂ ಹಿತವಲ್ಲ.

ಈ ವಿವೇಚನೆಯು ಕೇವಲ ಪಂಡಿತರ ವಿನೋದವಲ್ಲವೆಂಬುದಕ್ಕೆ ಇಲಕಲ್ಲಿನ ಕೆಂಪುಶಿಲೆಯ ಗಣಿಗಳೇ ಸಾಕ್ಷಿ. ಕಲ್ಲಿನ ಧೂಳಿನಿಂದ ಶ್ವಾಸಕೋಶದಲ್ಲಿ ಒಮ್ಮೆ ಕಲೆಗಟ್ಟಿದರೆ ಅದನ್ನು ಯಾವ ಪ್ರಾಣಾಯಾಮವೂ ಅಳಿಸಲಾರದು; ಧೂಳನ್ನು ತಡೆಯುವುದೇ ಅಲ್ಲಿ ಮೊದಲ ಚಿಕಿತ್ಸೆ. ಫಲಶ್ರುತಿಯನ್ನು ನಂಬಿದ ಕಾರ್ಮಿಕನು ವೈದ್ಯನನ್ನು ಬಿಟ್ಟಾನು. ಗೋರಕ್ಷನ ಕಥೆಯನ್ನು ನಿಷೇಧವೆಂದು ಕಲಿತವನು ತನಗೆ ನಿಜವಾಗಿ ಒದಗಬಹುದಾದ ಉಪಶಮನವನ್ನು ಕಳೆದುಕೊಂಡಾನು. ಎರಡೂ ಓದಿನ ದೋಷಗಳೇ.

ಆದಕಾರಣ ‘ಪ್ರಭುಲಿಂಗಲೀಲೆ’ಯ ಈ ಪ್ರಸಂಗವನ್ನು ಬೋಧಿಸುವಾಗ ‘ಹಠಯೋಗಪ್ರದೀಪಿಕೆ’ಯ ಸಿದ್ಧರ ಪಟ್ಟಿಯನ್ನೂ ಎರಡನೆಯ ಉಪದೇಶದ ಎಚ್ಚರಿಕೆಯನ್ನೂ ಜೊತೆಗಿಟ್ಟು ಓದಿಸುವುದು ಉಚಿತವಾಗಿದೆ. ಆಗ ಚಾಮರಸನ ಆಕ್ಷೇಪಣೆಯು ಅಭ್ಯಾಸದ ಮೇಲಲ್ಲ, ಅದರ ಬಗೆಗಿನ ಅತಿಶಯದ ನಂಬಿಕೆಯ ಮೇಲೆ ಎಂಬುದು ವಿದ್ಯಾರ್ಥಿಗಳಿಗೆ ತಾನಾಗಿಯೇ ವಿಶದವಾಗುವುದು.